ಒಂದೇ ಮನೆ, ಒಂದೇ ತಂತಿ

ಇನ್ನು ಮುಂದೆ ಈ ಮನೆಯಲ್ಲಿ ಒಂದೇ ತಂತಿ ಎಂದು ನಾನು ಘೋಷಿಸಿದ್ದು ಒಂದು ಶನಿವಾರ ಮಧ್ಯಾಹ್ನ, ಅಡುಗೆಮನೆಯ ನಟ್ಟನಡುವೆ ನಿಂತು. ಕೇಳಿಸಿಕೊಂಡವರು ಇಬ್ಬರೇ: ಅತ್ತೆ ಮತ್ತು ಫ್ರಿಜ್ಜು. ಫ್ರಿಜ್ಜು ಗುಂಯ್ ಎಂದಿತು. ಅತ್ತೆ ಅಷ್ಟೂ ಅನ್ನಲಿಲ್ಲ.

ನಾನು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ತಪ್ಪು ತೂಗುವುದಕ್ಕೆ ಸೀಲ್ ಹಾಕುವುದು ನನ್ನ ಕೆಲಸ. ಕಿಲೋ ಎಂದರೆ ಎಲ್ಲರಿಗೂ ಒಂದೇ ಕಿಲೋ, ಮೀಟರ್ ಎಂದರೆ ಎಲ್ಲರಿಗೂ ಒಂದೇ ಮೀಟರ್ ಎಂದು ದಿನವಿಡೀ ಊರಿಗೆಲ್ಲ ಹೇಳಿ ಮನೆಗೆ ಬಂದರೆ, ನನ್ನ ಸ್ವಂತ ಮೇಜಿನ ಡ್ರಾಯರಿನಲ್ಲೇ ಅರಾಜಕತೆ! ಒಂದೊಂದು ಕಂಪನಿಯ ಫೋನು ಚಾರ್ಜ್ ಮಾಡುವ ತಂತಿಗೆ ಒಂದೊಂದು ಪಿನ್ನು. ಚಪ್ಪಟೆಯದು, ದುಂಡನೆಯದು, ಮೇಲಿನ ತುಟಿ ಉಬ್ಬಿದ್ದು, ಯಾವ ಕಡೆ ತಿರುಗಿಸಿದರೂ ಇನ್ನೊಂದು ಕಡೆಯೇ ಸರಿ ಎನ್ನುವುದು. ಒಂದನ್ನು ಎಳೆದರೆ ಉಳಿದವೂ ಒಟ್ಟು ಕುಟುಂಬದ ಹಾಗೆ ಹಿಂದೆಯೇ ಬರುತ್ತಿದ್ದವು. ಈಗೀಗ ಎಲ್ಲ ಫೋನಿಗೂ ಹೊಂದುವ ಸಾರ್ವತ್ರಿಕ ಪಿನ್ನು ಬಂದಿದೆಯಲ್ಲ, ಅದೊಂದೇ ಸಾಕು ಎಂದು ತೀರ್ಮಾನಿಸಿದೆ. ಏಕತಂತೀವ್ರತ!

ಹೆಂಡತಿ ಪಶುವೈದ್ಯೆ. ಆ ಹೊತ್ತಿಗೆ ಅವಳು ಯಾವುದೋ ಹಟ್ಟಿಯಲ್ಲಿ ಮೊಣಕೈವರೆಗೆ ಕೆಲಸದಲ್ಲಿದ್ದಳು. ಹಾಗಾಗಿ ನಾನು ಮನೆಯ ಚಾರ್ಜ್ ತೆಗೆದುಕೊಂಡೆ, ಎರಡೂ ಅರ್ಥದಲ್ಲಿ. ಕೋಣೆ ಕೋಣೆ ತಿರುಗಿ, ಗೋಡೆಯ ಪ್ಲಗ್ಗಿನಿಂದ ಕಿತ್ತು, ಹಾಸಿಗೆಯ ಕೆಳಗಿನಿಂದ ಎಳೆದು, ಹಳೆಯ ತಂತಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿದೆ. ಅತ್ತೆ ಬಾಗಿಲಲ್ಲಿ ನಿಂತು, ಅವಳನ್ನ ಒಂದು ಮಾತು ಕೇಳಬಾರದೇ ಎಂದರು. ಕೇಳುವುದೇನಿದೆ, ನಮ್ಮಿಬ್ಬರದೂ ಒಂದೇ ಕಂಪನಿಯ ಫೋನು, ನನ್ನದಕ್ಕೆ ಆಗುವುದು ಅವಳದಕ್ಕೂ ಆಗುತ್ತದೆ ಎಂದು ಅವರಿಗೆ ತಿಳಿಹೇಳಿದೆ. ಬೀದಿಯ ಕೊನೆಯಲ್ಲಿ ಹಳೇ ವಿದ್ಯುತ್ ಸಾಮಾನು ಹಾಕಲೆಂದು ಒಂದು ದೊಡ್ಡ ಕಬ್ಬಿಣದ ಡಬ್ಬ ಇಟ್ಟಿದ್ದಾರೆ. ಚೀಲವನ್ನು ಅದರ ಬಾಯಿಗೆ ಸುರಿದು, ದಣಿದ ಸೇನಾಪತಿಯಂತೆ ಹಿಂದಿರುಗಿದೆ.

ಅಡುಗೆಮನೆಯ ಕಟ್ಟೆಯ ಮೇಲೆ ಹೊಚ್ಚ ಹೊಸ ಬಿಳಿ ತಂತಿ ಒಂದೇ ಒಂದು ರಾರಾಜಿಸುತ್ತಿತ್ತು.

ಏಕತಂತೀವ್ರತಕ್ಕೆ ಒಂದು ಸಣ್ಣ ತೊಡಕಿದೆ, ಸರದಿ. ರಾತ್ರಿ ಹೆಂಡತಿ ಸುಸ್ತಾಗಿ ಬಂದು, ಫೋನು ನನ್ನ ಕೈಗಿಟ್ಟು, ನಾಳೆ ತನ್ನದೇ ಡ್ಯೂಟಿ ಎಂದೂ ಚಾರ್ಜಿಗೆ ಹಾಕಲು ಮರೆಯಬಾರದೆಂದೂ ಹೇಳಿ ಮಲಗಿದಳು. ನಾನು ನ್ಯಾಯವಾಗಿ ನಡೆದುಕೊಂಡೆ. ಮೊದಲು ಹಿರಿಯರಾದ ಅತ್ತೆಯ ಫೋನು, ಆಮೇಲೆ ಅವಳದು, ಕೊನೆಗೆ ನನ್ನದು. ಅತ್ತೆಯದು ಕುಡಿದು ಮುಗಿಸುವಷ್ಟರಲ್ಲಿ ನನಗೇ ನಿದ್ದೆ ಬಂತು.

ಬೆಳಗ್ಗೆ ಎದ್ದು ಅವಳ ಫೋನಿಗೆ ತಂತಿ ಚುಚ್ಚಲು ಹೋದರೆ ಪಿನ್ನು ಒಳಗೆ ಹೋಗಲೊಲ್ಲದು. ಮಗುಚಿ ನೋಡಿದೆ. ಊದಿ ನೋಡಿದೆ. ಸ್ವಲ್ಪ ಒತ್ತಿದೆ. ಹೆಂಡತಿ ಹಲ್ಲುಜ್ಜುತ್ತಾ ಬಂದು ನಿಂತು ನೋಡಿದಳು.

"ಕರುವಿನ ಬಾಯಿಗೆ ಮಾತ್ರೆ ತಳ್ಳೋ ಹಾಗೆ ತಳ್ಳಬೇಡಿ. ಅದು ಹೋಗಲ್ಲ. ನಂದು ಹಳೇ ಮಾಡೆಲ್ಲು, ಕಂಪನಿಯವರದ್ದೇ ಬೇರೆ ಪಿನ್ನು. ನನ್ನ ಹಾಸಿಗೆ ಪಕ್ಕದ ವೈರ್ ಎಲ್ಲಿ?"

ಎಲ್ಲಿದೆ ಎಂದು ಹೇಳಿದೆ. ಅವಳು ಬಾಯಿಯ ನೊರೆ ಉಗುಳಿ ಬಂದು ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಹೇಳಿದೆ. ಫೋನಿನ ಗುಂಡಿ ಒತ್ತಿ ನೋಡಿದಳು. ಪರದೆ ಕಪ್ಪಗೆ ಅವಳ ಮುಖವನ್ನೇ ತೋರಿಸಿತು.

ವಿಷಯ ಏನೆಂದರೆ, ಭಾನುವಾರ ಇಡೀ ಪ್ರದೇಶಕ್ಕೆ ಅವಳೊಬ್ಬಳೇ ಡಾಕ್ಟರು. ಯಾವ ಹಟ್ಟಿಯಲ್ಲಿ ಏನಾದರೂ ಕರೆ ಬರುವುದು ಆ ನಂಬರಿಗೇ. ಅದಕ್ಕಿಂತ ಮುಖ್ಯವಾಗಿ, ಊರ ಹೊರಗಿನ ಕುದುರೆ ಸವಾರಿ ಶಾಲೆಯಲ್ಲಿ ಒಂದು ಹೆಣ್ಣುಕುದುರೆಗೆ ದಿನ ತುಂಬಿತ್ತು. ಹೋದ ಸಲ ಮರಿ ಅಡ್ಡವಾಗಿ ಸಿಕ್ಕಿಕೊಂಡು, ತಾಯಿ ಮಾತ್ರ ಬದುಕಿಕೊಂಡಿದ್ದಳು. ಈ ಸಲ ನೋವು ಶುರುವಾದ ಕೂಡಲೇ ಫೋನು ಮಾಡು, ನಾನು ಹೊರಟು ಬರುತ್ತೇನೆ ಎಂದು ಲಾಯದವನಿಗೆ ಇವಳು ಮಾತು ಕೊಟ್ಟಿದ್ದಳು. ಲಾಯದವನ ನಂಬರು? ಸತ್ತ ಫೋನಿನೊಳಗೆ. ಶಾಲೆಯ ಕಚೇರಿಗೆ ಅತ್ತೆಯ ಫೋನಿನಿಂದ ಮಾಡಿದೆವು. ರಜಾ ದಿನ, ಎತ್ತುವವರಿಲ್ಲ. ಸುಮ್ಮನೆ ಅಲ್ಲಿಗೇ ಹೋಗಿ ಕೂರೋಣವೆಂದರೆ, ನಡುವೆ ಇನ್ನೊಂದು ಕಡೆಯಿಂದ ಕರೆ ಬಂದರೆ ತಿಳಿಯುವುದು ಹೇಗೆ?

ಇಂಥ ಹೊತ್ತಿನಲ್ಲಿ ಬೇರೆ ಗಂಡಸಾದರೆ ಕ್ಷಮೆ ಕೇಳುತ್ತಿದ್ದ. ನಾನು ಇಲಾಖೆಯವನು, ಮೂಲ ಕಾರಣಕ್ಕೆ ಕೈ ಹಾಕಿದೆ. ತಪ್ಪು ನನ್ನದಲ್ಲ, ತಮ್ಮ ಗಿರಾಕಿ ಬೇರೆ ಕಡೆ ಹೋಗಬಾರದೆಂದು ತಮಗೊಂದೇ ಪಿನ್ನು ಮಾಡಿಕೊಳ್ಳುವ ಕಂಪನಿಗಳದ್ದು ಎಂದು ವಿವರಿಸಿದೆ. ನಲ್ಲಿಯ ತಿರುಪಿಗೆ ಒಂದು ಅಳತೆ, ಬಲ್ಬಿನ ಬುಡಕ್ಕೆ ಒಂದು ಅಳತೆ, ಫೋನಿಗೇಕೆ ನೂರು ಎಂದು ಕೇಳಿದೆ. ಹೆಂಡತಿ ಏನೋ ಹೇಳಲು ಹೊರಟಳು. ಸಮಾಧಾನ ಮಾಡಲು ಬರುತ್ತಿದ್ದಾಳೆಂದು ತಿಳಿದು, ಇನ್ನೂ ಗಟ್ಟಿಯಾಗಿ ಮುಂದುವರಿಸಿದೆ. ಮಾತು ಮುಗಿಸಿ, ನನ್ನ ಫೋನನ್ನು ಆ ಬಿಳಿ ತಂತಿಗೆ ಸಿಕ್ಕಿಸಿ, ಹತ್ತು ನಿಮಿಷದಲ್ಲಿ ನಿನ್ನ ತಂತಿ ತರುತ್ತೇನೆ ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ.

ಮೊದಲು ಹೋದದ್ದು ಫೋನಿನ ಅಂಗಡಿಗೆ. ಅಂಗಡಿಯಾತ ಆಗಷ್ಟೇ ಬಾಗಿಲು ತೆಗೆದು ಗಾಜು ಒರೆಸುತ್ತಿದ್ದ. ಯಾವ ಪಿನ್ನು ಎಂದು ಕೇಳಿದ. ಜೀವಮಾನವಿಡೀ ಅಳೆದವನಿಗೆ ಆಗ ಅಳತೆ ನೆನಪಾಗಲಿಲ್ಲ. ಚಪ್ಪಟೆ, ಆದರೆ ತೀರಾ ಚಪ್ಪಟೆಯಲ್ಲ ಎಂದೆ. ಬೆರಳಿನಲ್ಲಿ ತೋರಿಸಿದೆ, ಆತನ ಮುಖ ನೋಡಿದರೆ ನಾನು ಯಾವುದೋ ಹುಳವನ್ನು ವರ್ಣಿಸುತ್ತಿದ್ದೇನೆ ಎಂದುಕೊಂಡಂತಿತ್ತು. ಕೊನೆಗೆ ಕಂಪನಿಯ ಹೆಸರೂ ಫೋನಿನ ಬಣ್ಣವೂ ಕೇಳಿ ಅರ್ಥವಾಯಿತು. ಆ ಪಿನ್ನನ್ನು ಕಂಪನಿಯವರೇ ಕೈಬಿಟ್ಟಿದ್ದಾರೆ, ಈಗ ಅವರೂ ಎಲ್ಲರ ಪಿನ್ನಿಗೇ ಬಂದಿದ್ದಾರೆ, ಬೇಕಾದರೆ ತರಿಸಿಕೊಡಬಹುದು, ಎರಡು ದಿನವಾಗುತ್ತದೆ ಎಂದ. ನನ್ನ ಸಿದ್ಧಾಂತ ಗೆದ್ದಿತ್ತು. ಅಂಥ ಕಹಿ ಗೆಲುವನ್ನು ನಾನು ಹಿಂದೆ ಕಂಡಿರಲಿಲ್ಲ.

ಉಳಿದದ್ದು ಡಬ್ಬ. ನಿನ್ನೆ ತಾನೇ ಹಾಕಿದ್ದು, ಎಲ್ಲಿಗೆ ಹೋಗುತ್ತದೆ? ಡಬ್ಬದ ಬಾಯಿಗೆ ಒಂದು ತಗಡಿನ ಮುಚ್ಚಳವಿದೆ, ಒಳಕ್ಕೆ ತೆರೆಯುತ್ತದೆ. ಇಣುಕಿದರೆ, ನಮ್ಮ ಮನೆಯದೇ ಒಂದು ಬಿಳಿ ತಂತಿ ಕೈಗೆ ಸಿಕ್ಕಿಯೂ ಸಿಗದ ದೂರದಲ್ಲಿ ನೇತಾಡುತ್ತಿತ್ತು. ಕೈ ಹಾಕಿದೆ. ಮೊಣಕೈ ದಾಟಿಸಿದೆ. ಬೆರಳ ತುದಿಗೆ ತಂತಿ ತಾಗಿತು ಕೂಡ. ಅದು ಜಾರಿ ಕೆಳಗೆ ಬಿತ್ತು. ನಾನು ಕೈ ಹೊರಗೆ ಎಳೆದೆ. ಮುಚ್ಚಳ ಮೊಣಕೈಯನ್ನು ಗಬಕ್ಕನೆ ಹಿಡಿಯಿತು.

ಎಳೆದಷ್ಟೂ ಬಿಗಿ. ರಸ್ತೆಯಲ್ಲಿ ಹೋಗುವವರು ನೋಡಿದಾಗಲೆಲ್ಲ ಡಬ್ಬಕ್ಕೆ ಒರಗಿ ಗೆಳೆಯನಿಗೆ ಕಾಯುತ್ತಿರುವವನ ಹಾಗೆ ನಿಂತೆ. ನಾಯಿ ಹಿಡಿದುಕೊಂಡು ವಾಕಿಂಗ್ ಬಂದ ಹಿರಿಯರೊಬ್ಬರು ಹವಾ ಚೆನ್ನಾಗಿದೆ ಎಂದರು. ಹೌದು ಎಂದೆ. ನಾಯಿ ಮಾತ್ರ ನನ್ನ ಭುಜವನ್ನೂ ಡಬ್ಬವನ್ನೂ ಬಹಳ ಹೊತ್ತು ನೋಡಿತು. ಈ ನಡುವೆ ಆ ಕುದುರೆಯ ನೆನಪಾಯಿತು. ಅಡ್ಡ ಸಿಕ್ಕಿಕೊಳ್ಳುವುದು ಎಂದರೇನೆಂದು ಈಗ ನನಗೆ ಸ್ವಲ್ಪ ತಿಳಿಯತೊಡಗಿತ್ತು. ನಗು ಬರಲಿಲ್ಲ. ಅಲ್ಲಿ ನೋವು ಶುರುವಾಗಿದ್ದರೆ, ಲಾಯದವನು ಫೋನು ಮಾಡಿ ಮಾಡಿ ಸೋತಿದ್ದರೆ, ನನ್ನ ಒಂದು ಚೀಲ ಶಿಸ್ತಿನ ಬೆಲೆ ಏನಾದೀತು?

ಎದುರು ಕಿರಾಣಿ ಅಂಗಡಿಯಿಂದ ಅಂಗಡಿಯಾಕೆ ಹೊರಬಂದಳು. ಇವಳನ್ನು ಬಿಟ್ಟು ಬೇರೆ ಯಾರಾದರೂ ಆಗಬಾರದಿತ್ತೇ ಎನಿಸಿತು. ಹೋದ ವಾರವಷ್ಟೇ ನಾನು ಅವಳ ತಕ್ಕಡಿಗೆ ಸೀಲ್ ಹಾಕಿ ಬಂದಿದ್ದೆ. ಅವಳು ಹತ್ತಿರ ಬಂದು, ಡಬ್ಬ ನೋಡಿ, ನನ್ನನ್ನು ನೋಡಿ, ಸೊಂಟಕ್ಕೆ ಕೈಯಿಟ್ಟಳು.

"ಕೂದಲೆಳೆ ವ್ಯತ್ಯಾಸಕ್ಕೆ ನನ್ನ ತಕ್ಕಡಿ ನಿಲ್ಸಿದ್ರಿ ಸಾರ್. ಕೈ ಹಾಕೋ ಮುಂಚೆ ಈ ಬಾಯಿ ಅಳೀಲಿಲ್ವಾ?"

ಅವಳು ಒಳಗೆ ಹೋಗಿ ಪಾತ್ರೆ ತೊಳೆಯುವ ಸೋಪಿನ ನೀರು ತಂದು ನನ್ನ ತೋಳಿಗೆ ಧಾರಾಳವಾಗಿ ಸುರಿದಳು. ಮುಚ್ಚಳವನ್ನು ಸೌಟಿನ ಹಿಡಿಯಿಂದ ಒಳಕ್ಕೆ ಒತ್ತಿ ಹಿಡಿದು, ಮುಷ್ಟಿ ಬಿಚ್ಚಿ ನಿಧಾನಕ್ಕೆ ತಿರುಗಿಸಿ ಎಂದಳು. ತಿರುಗಿಸಿದೆ. ಕೈ ಜಾರಿ ಹೊರಬಂತು. ಅಂಗಿಯ ತೋಳು ಮಾತ್ರ ಅರ್ಧ ಡಬ್ಬಕ್ಕೆ ಅರ್ಪಿತವಾಯಿತು. ನಡೆದದ್ದನ್ನೆಲ್ಲ ಹೇಳಿದೆ. ಕುದುರೆಯ ಮಾತು ಬಂದಾಗ ಅವಳ ಮುಖದ ಕುಹಕ ಇಳಿಯಿತು. ಅವಳ ಮನೆಯ ಬೆಕ್ಕನ್ನು ಬದುಕಿಸಿದ್ದು ನನ್ನ ಹೆಂಡತಿಯಂತೆ, ನನಗೆ ಗೊತ್ತೇ ಇರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಬಗ್ಗಿ, ತನ್ನ ಫೋನಿನ ತಂತಿಯನ್ನೇ ಕಿತ್ತು ಕೊಟ್ಟಳು. ನೋಡಿದರೆ ಅದೇ ಪಿನ್ನು! ಡಾಕ್ಟರಮ್ಮನಿಗೆ ಕೊಡ್ತಿರೋದು, ನಿಮಗಲ್ಲ ಎಂದು ಸ್ಪಷ್ಟಪಡಿಸಿದಳು.

ಒದ್ದೆ ತೋಳು, ಹರಿದ ಅಂಗಿ, ಕೈಯಲ್ಲಿ ತಂತಿ. ಹಾಗೇ ಓಡಿದೆ. ಮೆಟ್ಟಿಲು ಹತ್ತಿ, ಬಾಗಿಲು ದೂಡಿ, ಸಿಕ್ಕಿತು ಎಂದು ಕೂಗಿದೆ.

ಅಡುಗೆಮನೆಯ ಮೇಜಿನ ಬಳಿ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ಬಿಳಿ ತಂತಿಯ ತುದಿಯಲ್ಲಿ ನನ್ನ ಫೋನೂ ಇರಲಿಲ್ಲ. ಹೆಂಡತಿಯ ಸತ್ತ ಫೋನು ಒಂದು ಕಡೆ, ಪಕ್ಕದಲ್ಲಿ ಉಗುರಷ್ಟು ಅಗಲದ ಒಂದು ಚೂರು, ಒಂದು ಹೇರ್‌ಪಿನ್ನು.

ಅವಳು ಹೋಗಿ ಆಗಲೇ ಬಹಳ ಹೊತ್ತಾಯಿತು ಎಂದು ಅತ್ತೆ ಕಾಳಿನಿಂದ ಕಣ್ಣೆತ್ತದೆ ಹೇಳಿದರು. ನಾನು ಮೂಲೆ ತಿರುಗಿದ್ದೇ ತಡ, ಹೇರ್‌ಪಿನ್ನಿನಿಂದ ತನ್ನ ಫೋನಿನ ಸಿಮ್ ತೆಗೆದು, ನನ್ನ ಫೋನಿನದನ್ನು ಕಿತ್ತಿಟ್ಟು, ಆ ಜಾಗಕ್ಕೆ ತನ್ನದನ್ನು ಹಾಕಿಕೊಂಡಳಂತೆ. ಹಾಕಿದ ಮರುಕ್ಷಣವೇ ಲಾಯದವನ ಕರೆ. ಆ ಉಗುರಗಲದ ಚೂರು ನನ್ನ ಸಿಮ್ಮು, ಅಂದರೆ ನಾನು! ನನ್ನ ಫೋನಿಗೆ ಬೀಗ ಇದೆಯಲ್ಲ, ಹೇಗೆ ತೆಗೆದಳು ಎಂದು ಕೇಳಿದೆ.

"ಒಂದು, ಎರಡು, ಮೂರು, ನಾಲ್ಕು," ಎಂದರು ಅತ್ತೆ. "ಅದೂ ಎಲ್ಲರದ್ದೂ ಒಂದೇ ಇರತ್ತಂತೆ, ಅಳಿಯಂದಿರೇ."

ಕೂತು ಅವರ ಜೊತೆ ಬಟಾಣಿ ಸುಲಿದೆ. ಬೇರೇನು ಮಾಡಲಿ? ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಅತ್ತೆಯ ಫೋನಿನಿಂದ ಅವಳಿಗೆ ಮಾಡೋಣವೆಂದರೆ, ಕೈ ಕೆಲಸದಲ್ಲಿರುವಾಗ ಬೇಡ ಎಂದು ಅತ್ತೆ ತಡೆದರು. ಅತ್ತೆಯ ಫೋನು ಎರಡು ಸಲ ಕೂಗಿತು, ಎರಡು ಸಲವೂ ಯಾರೋ ವಿಮೆಯವರು. ಪ್ರತಿ ಗಾಡಿಯ ಸದ್ದಿಗೂ ಕಿಟಕಿಗೆ ಹೋಗಿ ಬಂದೆ.

ಸಂಜೆ ಹೆಂಡತಿ ಬಂದಳು. ಬಟ್ಟೆಯ ತುಂಬ ಹುಲ್ಲು, ಕಣ್ಣಲ್ಲಿ ದಣಿವು. ಈ ಸಲವೂ ಮರಿಯ ಒಂದು ಕಾಲು ಮಡಚಿಕೊಂಡಿತ್ತಂತೆ, ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತಂತೆ. ಈಗ ತಾಯಿ, ಮರಿ ಎರಡೂ ಚೆನ್ನಾಗಿವೆ. ಮರಿ ಎದ್ದು ನಿಂತು, ಬಿದ್ದು, ಮತ್ತೆ ಎದ್ದು ಹಾಲು ಕುಡಿಯಿತಂತೆ. ನಡುವೆ ಫೋನಿನ ಚಾರ್ಜು ಇಳಿದಾಗ ಲಾಯದವನ ತಂತಿಗೇ ಹಾಕಿಕೊಂಡಳಂತೆ. ನಿಮ್ಮ ಫೋನಿನ ಪಿನ್ನು ಒಳ್ಳೇದು, ಎಲ್ಲರ ಮನೆಯದೂ ಆಗತ್ತೆ ಎಂದು ಮನಸಾರೆ ಹೊಗಳಿದಳು. ಅವಳು ಕೈತೊಳೆಯುತ್ತಿದ್ದಾಗ ಪಕ್ಕದಲ್ಲಿ ಟವೆಲ್ ಹಿಡಿದು ನಿಂತೆ. ಸಿಮ್ ಬದಲಾಯಿಸಿದರೆ ಸಾಕು ಎಂದು ಬೆಳಗ್ಗೆಯೇ ಹೇಳಿದ್ದರೆ ನನ್ನ ತೋಳು ಉಳಿಯುತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದೆ.

"ಮೂರು ಸಲ ಬಾಯಿ ತೆಗೆದೆ," ಎಂದಳು ಅವಳು, ಟವೆಲ್ ತೆಗೆದುಕೊಳ್ಳುತ್ತಾ. "ಎಲ್ಲಾ ಫೋನಿಗೂ ಆಗೋ ಹಾಗೆ ಒಂದೇ ಅಳತೆ ಯಾವಾಗ ಬರತ್ತೋ ಅಂತ ನೀವು ಭಾಷಣ ಮಾಡ್ತಾನೇ ಇದ್ರಿ. ಸಿಮ್ಮಿಗೆ ಬಂದು ಎಷ್ಟೋ ವರ್ಷ ಆಯ್ತು ಅಂತ ಹೇಳೋಕೆ ನಡುವೆ ಒಂದು ಉಸಿರು ಬಿಡಬೇಕಲ್ರೀ ನೀವು."