ಮೂರು ಉಕ್ಕಿನ ಹಾಲು

ಗಂಡನ ಹೆಸರೆತ್ತದೆ ಅವರ ಮರ್ಯಾದೆ ತೆಗೆಯಲು ಬರುತ್ತದೆಯೇ, ಹೇಳಿ ನೋಡೋಣ? ಬಾಯಲ್ಲಿ ಹೇಳಬಾರದ ಹೆಸರನ್ನು ಫೋನಿನಲ್ಲಿ ಬೆರಳಿಂದ ಒತ್ತಿ ಬರೆದರೂ ಹೇಳಿದಂತೆಯೇ. ಹಾಗಾಗಿ ಇಲ್ಲಿಯೂ ಅವರು ‘ಇವರು’.

ಇವರು ಕುಂದಾಪುರದಲ್ಲಿ ದನದ ಡಾಕ್ಟರು. ಅರವತ್ತರ ದಶಕದ ಮಾತು. ಬಸ್ರೂರಿನ ನಮ್ಮ ಮನೆಯಲ್ಲಿ ಹಾಲು ಮೂರು ಸಲ ಉಕ್ಕಬೇಕೆಂಬುದು ಇವರ ಕಾನೂನು. ದನದ ಕಾಯಿಲೆ ಹಾಲಿನಲ್ಲಿ ಇಳಿದು ಮನುಷ್ಯರಿಗೆ ಬರುತ್ತದಂತೆ. ಹಸಿ ಸೌದೆ, ಹೊಗೆ, ಕಣ್ಣೀರು ನನ್ನ ಪಾಲಿಗೆ. ಬಾಗಿಲಲ್ಲಿ ನಿಂತು ಎಣಿಸುವುದು ಇವರ ಪಾಲಿಗೆ.

“ಎರಡೇ ಆಯ್ತ್.”

“ಮೂರನೇದ್ ನಿಮ್ಮ ತಲಿ ಮೇಲೆ ಉಕ್ಕಿಸ್ತೆ, ಕಾಣಿ.”

ಸಾಕಾಗಿ ಹೋಗಿತ್ತು. ಕೊಕ್ಕರ್ಣೆಯ ನನ್ನ ತೌರಿನಲ್ಲಿ ಮಕ್ಕಳು ಹಟ್ಟಿಯಲ್ಲೇ, ಕೆಚ್ಚಲಿಂದ ಕರೆದ ಬಿಸಿ ನೊರೆಹಾಲು ಕುಡಿದು ಬೆಳೆದವರು. ನಾನೂ ಆರು ವರ್ಷದ ಮಗಳಿಗೆ ಬೆಳಿಗ್ಗೆ ಹಟ್ಟಿಯಲ್ಲಿ ಗುಟ್ಟಾಗಿ ಒಂದು ಲೋಟ ಕುಡಿಸುತ್ತಿದ್ದೆ. ಆಮೇಲೆ ಇವರಿಗೆ ಹೊಸ ಚಟ ಹತ್ತಿತು. ಸರಿಯಾಗಿ ಹಾಲು ಕರೆಯುವ ಹೊತ್ತಿಗೆ ಮಗಳ ಕೈ ಹಿಡಿದು ಹೊಳೆಬದಿಗೆ ತಿರುಗಲು ಹೊರಡುವುದು. ಹುಚ್ಚು ಒಂದು ಜಾಸ್ತಿಯಾಯಿತು ಅಂದುಕೊಂಡೆ.

ಆಗಲೇ ಆ ತರಬೇತಿ ಬಂತು. ದನದಿಂದ ಮನುಷ್ಯರಿಗೆ ಬರುವ ರೋಗಗಳನ್ನು ತಡೆಯುವುದು ಹೇಗೆಂದು ದನದ ಹಿರಿಯ ಡಾಕ್ಟರುಗಳಿಗೆ ಕಲಿಸಬೇಕು, ಕಲಿಸುವವರು ಇವರು. ವಿದ್ಯಾರ್ಥಿಗಳು ಎಂಟು ಮಂದಿ, ಎಲ್ಲರಿಗೂ ತಲೆ ನರೆತಿದೆ, ಎಲ್ಲರಿಗೂ ತಾವೇ ಕಲಿಸಬೇಕಿತ್ತೆಂಬ ಸಿಟ್ಟು. ಒಬ್ಬರಂತೂ ಪಾಠದುದ್ದಕ್ಕೂ ನಿದ್ದೆ ಮಾಡಿ, ಎದ್ದವರೇ “ನನ್ನ ಇಪ್ಪತ್ತೈದು ವರ್ಷದ ಅನುಭವದಲ್ಲಿ...” ಎಂದು ಶುರು ಮಾಡುತ್ತಿದ್ದರಂತೆ. ಮಧ್ಯಾಹ್ನದ ಊಟ ನಮ್ಮಲ್ಲಿ. ಘಟ್ಟದ ಮೇಲಿನ ಈ ನಿದ್ದೆ ಡಾಕ್ಟರು ಕುಚ್ಚಲಕ್ಕಿಯ ದಪ್ಪ ಕೆಂಪು ಅನ್ನ ನೋಡಿ ಕೇಳಿಯೇಬಿಟ್ಟರು:

“ಅಮ್ಮಾ, ಇದು ನಮಗೋ, ಹಸುವಿಗೋ?”

“ಮೊದಲು ನಿಮಗೆ. ಉಳಿದರೆ ಅದಕ್ಕೆ.”

ಕ್ಷಯದ ಪರೀಕ್ಷೆ ಕಲಿಸುವ ದಿನ ಬಂತು. ದನದ ಕುತ್ತಿಗೆಯ ಚರ್ಮಕ್ಕೆ ಮದ್ದು ಚುಚ್ಚಿ, ಮೂರನೇ ದಿನ ಮುಟ್ಟಿ ನೋಡುವುದು; ಊದಿದ್ದರೆ ದನಕ್ಕೆ ಕ್ಷಯ. ಇವರು ಸೀದಾ ಬಂದು ನಮ್ಮ ಹಟ್ಟಿಯ ಗೌರಿಯನ್ನೇ ಬಿಚ್ಚಿದರು.

“ಹ್ವಾಯ್, ಅದ್ ನನ್ ತೌರ್ಮನಿ ದನ. ನಿಮ್ ಆಸ್ಪತ್ರಿಗ್ ಬಪ್ಪ ದನ ಯಾವ್ದೂ ಇಲ್ಯಾ?”

“ಮೂರ್ ದಿನ ಸುಮ್ನಿರ್, ಮಾರಾಯ್ತಿ.” ನನ್ನ ಮುಖ ನೋಡಲಿಲ್ಲ.

ಅಂದು ಸಂಜೆ ಮಗಳಿಗೆ ಜಡೆ ಹಾಕುವಾಗ ಕಿವಿಯ ಕೆಳಗೆ ಬೆರಳಿಗೆ ಏನೋ ತಾಗಿತು. ಗೋಲಿಯಷ್ಟು ಗಂಟು.

“ಇದ್ ಯಾವಾಗಿಂದ?”

“ಅಪ್ಪಯ್ಯ ದಿನಾ ಹೊಳಿಬದಿಯಂಗೆ ಮುಟ್ಟಿ ಕಾಂತ್ರ್” ಅಂದಳು.

ಕೈಯಲ್ಲಿದ್ದ ಜಡೆ ಹಾಗೇ ಬಿಚ್ಚಿಹೋಯಿತು. ಹೊಳೆಬದಿಯ ತಿರುಗಾಟ ಯಾಕೆಂದು ಆಗ ಗೊತ್ತಾಯಿತು; ನನ್ನ ಗುಟ್ಟಿನ ಲೋಟ ಇವರಿಗೆ ಮೊದಲೇ ತಿಳಿದಿತ್ತು. ಕ್ಷಯದ ಹಾಲು ಹಸಿಯಾಗಿ ಕುಡಿದ ಮಕ್ಕಳಿಗೆ ಕುತ್ತಿಗೆಯಲ್ಲಿ ಗಂಟು ಬರುತ್ತದೆಂದು ಇವರು ನನಗೆ ಎಷ್ಟು ಸಲ ಹೇಳಿರಲಿಲ್ಲ? ಆ ಮೂರು ದಿನ ಹಾಲನ್ನು ಐದೈದು ಸಲ ಉಕ್ಕಿಸಿದೆ. ಎಣಿಸಲು ಬಾಗಿಲಲ್ಲಿ ಯಾರೂ ನಿಲ್ಲಲಿಲ್ಲ.

ಮೂರನೇ ದಿನ ಎಂಟು ಮಂದಿಯೂ ಹಟ್ಟಿಯ ಮುಂದೆ ಸಾಲು ನಿಂತರು. ಒಬ್ಬೊಬ್ಬರೇ ಮುಟ್ಟಿ, ಪಕ್ಕದವರಿಗೆ ಹೇಳದೆ ಚೀಟಿಯಲ್ಲಿ ಬರೆಯಬೇಕೆಂದು ಇವರ ಅಪ್ಪಣೆ. ಅಪ್ಪಣೆ ಕೊಟ್ಟವರು ಮಾತ್ರ ಬಾವಿಕಟ್ಟೆಯಲ್ಲಿ ನಮಗೆ ಬೆನ್ನು ಹಾಕಿ ನಿಂತು, ಹಗ್ಗವನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

ಎಂಟೂ ಚೀಟಿಯಲ್ಲಿ ಒಂದೇ ಮಾತು: ಊದಿಲ್ಲ.

ನಾನು ಗಂಟಿನ ವಿಷಯ ಹೇಳಿದೆ; ನಿದ್ದೆ ಡಾಕ್ಟರು ಬಾಗಿಲಲ್ಲಿ ನಿಂತಿದ್ದ ಮಗಳನ್ನು ಕರೆದು, ಗಂಟು ಮುಟ್ಟಿ, ಕೂದಲು ಸರಿಸಿ ನೋಡಿದರು. “ನನ್ನ ಇಪ್ಪತ್ತೈದು ವರ್ಷದ ಅನುಭವದಲ್ಲಿ, ಇಷ್ಟು ಹೇನು ಸಾಕಿದ ತಲೆಗೆ ಗಂಟು ಬಾರದೆ ಇರುವುದಿಲ್ಲಮ್ಮ.” ನನಗೆ ನಾಚಿಕೆಯೋ, ಸಂತೋಷವೋ ತಿಳಿಯಲಿಲ್ಲ. ಊಟಕ್ಕೆ ಕೂತಾಗ ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಸುರಿದೆ. ಹೇನು ಬಾಚಿ ಬಾಚಿ ತೆಗೆದ ಮೇಲೆ ಗಂಟೂ ಕರಗಿತು.

ಅಂದು ಎಲ್ಲರೂ ಬಸ್ಸು ಹತ್ತಿದ ಮೇಲೆ ಇವರು ಇನ್ನೂ ಬಾವಿಕಟ್ಟೆಯಲ್ಲೇ ಕೂತಿದ್ದರು. ನೊರೆಹಾಲಿನ ವಿಷಯಕ್ಕೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ತಡೆಯಲಾರದೆ ನಾನೇ ಕೆಣಕಿದೆ:

“ಅಷ್ಟ್ ದೊಡ್ಡ ಡಾಕ್ಟ್ರು. ನಮ್ಮನಿ ದನ ಮುಟ್ಟಿ ಕಾಂಬುಕೆ ಎಂಟ್ ಜನ ಬೇಕಾಯ್ತಾ?”

“ನಾನ್ ಮುಟ್ಟಿರೆ, ಊದಿರೂ ಊದ್ಲಿಲ್ಲ ಅಂತ್ಲೇ ಹೇಳ್ತಿದ್ದೆ, ಮಾರಾಯ್ತಿ.”