ಮೂರನೇ ಭಾಗದಲ್ಲಿ ಭಾವ ಸಾಯಬೇಕು

ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೇ ಮೇಕಪ್‌ನವನ ಫೋನು ಬಂತು. "ಭಾವ, ಸುದ್ದಿ ಗೊತ್ತಾಯ್ತಾ? ಇವತ್ತು ನಿಮ್ಮನ್ನ ಮುಗಿಸ್ತಾರಂತೆ!"

ಫೋನು ಎತ್ತಿದ್ದವಳು ಹೆಂಡತಿ. ಅವಳು ಕಿಟಾರನೆ ಕಿರುಚಿದ್ದೇ ತಡ, ಪಕ್ಕದ ಮನೆಯಾಕೆ ಒದ್ದೆ ಕೈಯಲ್ಲೇ ಓಡಿಬಂದು, ಏನು ಎತ್ತ ಕೇಳದೆ ಅಳತೊಡಗಿದಳು. "ಅಯ್ಯೋ, ಎಷ್ಟು ಒಳ್ಳೆಯವರಿದ್ರು!" ಬಾಯ್ತುಂಬ ನೊರೆ ತುಂಬಿಕೊಂಡು ಅವಳೆದುರೇ ನಿಂತಿದ್ದ ಭಾವನಿಗೆ, ನಾನಿನ್ನೂ ಇದ್ದೀನಮ್ಮಾ ಎನ್ನಲೂ ಆಗಲಿಲ್ಲ.

ಅಸಲು ವಿಷಯ ಇಷ್ಟೇ. ಈತ ನಟ. ವರ್ಷಗಟ್ಟಲೆ ಅವರಿವರ ಸಿನಿಮಾದಲ್ಲಿ ಹೆಣವಾಗಿ ಮಲಗಿ ಮಲಗಿ, ಕೊನೆಗೊಂದು ಸಿನಿಮಾ ಸರಣಿಯಲ್ಲಿ ಮನೆಯ ಭಾವನ ಪಾತ್ರ ಗಿಟ್ಟಿಸಿದ್ದ. ಅದೂ ಮಾತಾಡುವ ಪಾತ್ರ! ಎರಡು ಭಾಗ ಗೆದ್ದು, ಈಗ ಬೀದಿಯ ಮಕ್ಕಳೂ ಅವನನ್ನು ಭಾವ ಎಂದೇ ಕರೆಯುತ್ತಿದ್ದವು. ಇದು ಕೈತಪ್ಪಿದರೆ ಮತ್ತೆ ಹೆಣವೇ ಗತಿ.

ಎದ್ದೆನೋ ಬಿದ್ದೆನೋ ಎಂದು ಸ್ಟುಡಿಯೊಗೆ ಓಡಿದ. ಅಲ್ಲಿ ನಿರ್ಮಾಪಕರೂ ನಿರ್ದೇಶಕರೂ ಒಂದೇ ಮೇಜಿನ ಎರಡು ತುದಿಯಲ್ಲಿ, ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೂತಿದ್ದರು. ಚಿಕ್ಕ ಮಕ್ಕಳ ಹಾಗೆ ಠೂ ಬಿಟ್ಟಿದ್ದರು.

"ಬಾ ಭಾವ, ಸರಿಯಾದ ಹೊತ್ತಿಗೆ ಬಂದೆ," ಎಂದರು ನಿರ್ಮಾಪಕರು. "ಆ ಮನುಷ್ಯನಿಗೆ ಹೇಳು. ಮೊದಲನೇ ಭಾಗದಲ್ಲಿ ಅಜ್ಜಿ ಸತ್ತಳು, ಜನ ಅತ್ರು, ಸಿನಿಮಾ ಓಡ್ತು. ಎರಡರಲ್ಲಿ ಮಾವ ಸತ್ತ, ಇನ್ನೂ ಚೆನ್ನಾಗಿ ಓಡ್ತು. ಮೂರರಲ್ಲಿ ಭಾವ ಸಾಯ್ಲೇಬೇಕು!"

ಭಾವ ನಿರ್ದೇಶಕರ ಕಡೆ ತಿರುಗಿ, "ಸಾರ್, ನಾನು ಸಾಯ್ಬೇಕಂತೆ," ಎಂದ.

"ಹೀಗೇ ಕೊಲ್ತಾ ಹೋದ್ರೆ ಐದನೇ ಭಾಗಕ್ಕೆ ಮನೇಲಿ ಯಾರಿರ್ತಾರೆ, ಬೆಕ್ಕಾ? ಕೇಳಿ ಅವರನ್ನ!" ನಿರ್ದೇಶಕರು ಗೋಡೆಗೆ ಹೇಳಿದರು. "ಭಾವ ಸತ್ರೆ ನಾನು ಈ ಸಿನಿಮಾ ಮಾಡಲ್ಲ!"

"ಬಿಡ್ಲಿ! ಸಿನಿಮಾನೇ ಬೇಡ!" ನಿರ್ಮಾಪಕರು ಮೇಜು ಗುದ್ದಿದರು.

ಭಾವ ಹೌಹಾರಿದ. ಸಿನಿಮಾನೇ ನಿಂತರೆ ಬದುಕಿ ಏನುಪಯೋಗ? ಅಷ್ಟರಲ್ಲಿ ಮೇಕಪ್‌ನವನು ಒಳಗೆ ನುಗ್ಗಿ, "ಸಾಯೋದಾದ್ರೆ ಬೇಗ ಹೇಳಿ ಭಾವ, ಬಣ್ಣ ಒಣಗ್ತಿದೆ," ಎನ್ನುತ್ತ ಅವನ ಒಂದು ಕೆನ್ನೆಗೆ ಬಿಳಿ ಬಳಿದೇಬಿಟ್ಟ.

"ಒರೆಸೋ!" ಎಂದರು ನಿರ್ದೇಶಕರು.

"ಬಳಿಯೋ!" ಎಂದರು ನಿರ್ಮಾಪಕರು.

ಬಳಿದು ಒರೆಸಿ, ಬಳಿದು ಒರೆಸಿ, ಕೆನ್ನೆ ಉರಿಯತೊಡಗಿತು. ಭಾವನಿಗೆ ರೇಗಿಹೋಯಿತು.

"ನಿಲ್ಸ್ರೀ! ಭಾವ ಸಾಯೋದೂ ಬೇಡ, ಓಡಾಡೋದೂ ಬೇಡ. ಎಲ್ಲೋ ಬಿದ್ದು, ತಲೆಯಿಂದ ಕಾಲಿನವರೆಗೂ ಬ್ಯಾಂಡೇಜು ಸುತ್ತಿಸ್ಕೊಂಡು ಆಸ್ಪತ್ರೇಲಿ ಎಚ್ಚರ ಇಲ್ದೆ ಮಲಗಿರ್ಲಿ. ಜನ ಅಳ್ತಾರೆ. ಬೇಕಾದಾಗ ಎಬ್ಬಿಸ್ಕೊಳ್ಳಿ!"

ಇಬ್ಬರೂ ಒಟ್ಟಿಗೇ ತಿರುಗಿದರು. "ಆಹಾ!" ಎಂದು ಓಡಿಬಂದು ತಬ್ಬಿಕೊಂಡರು. ನಿರ್ಮಾಪಕರ ಕಣ್ಣಲ್ಲಿ ನೀರು ಬಂತು. ಭಾವನೂ ಸಂತೋಷಕ್ಕೆ ಅತ್ತ.

"ಮುಖಾನೂ ಕಾಣಲ್ಲ ಅಲ್ವಾ?" ನಿರ್ಮಾಪಕರು ಮೂಗು ಒರೆಸಿಕೊಳ್ಳುತ್ತ ಕೇಳಿದರು.

"ಚೂರೂ ಕಾಣಲ್ಲ," ಎಂದರು ನಿರ್ದೇಶಕರು.

"ಹಾಗಾದ್ರೆ ನನ್ನ ಬಾಮೈದನ್ನೇ ಹಾಕೋಣ. ಅವನು ಮನೇಲಿ ದಿನವಿಡೀ ಬಿದ್ಕೊಂಡೇ ಇರ್ತಾನೆ. ಏನಾದ್ರೂ ಕೆಲಸ ಕೊಡಿ ಅಂತ ನನ್ನ ಹೆಂಡ್ತಿ ಕಾಟ ಬೇರೆ."

"ಭೇಷ್!" ನಿರ್ದೇಶಕರು ಕೈ ಕುಲುಕಿದರು.

ಭಾವ ಇಬ್ಬರ ನಡುವೆ ನುಗ್ಗಿದ. "ಮತ್ತೆ ನಾನು, ಸಾರ್?"

"ನಿಮ್ಮನ್ನ ಬಿಡ್ತೀವಾ?" ನಿರ್ದೇಶಕರು ಹೆಗಲ ಮೇಲೆ ಕೈ ಹಾಕಿದರು. "ಆಸ್ಪತ್ರೆ ಅಂದ್ಮೇಲೆ ಪಕ್ಕದ ಹಾಸಿಗೇಲಿ ಒಂದು ಹೆಣ ಬೇಕಲ್ಲ. ನಿಮಗೆ ಪಳಗಿದ ಕೆಲಸ."

ಮೇಕಪ್‌ನವನು ಮತ್ತೆ ಬ್ರಷ್ಷು ಎತ್ತಿಕೊಂಡ. ಅಷ್ಟರಲ್ಲಿ ಹೆಂಡತಿಯ ಫೋನು. "ಏನಾಯ್ತ್ರೀ? ಭಾವ ಬದುಕಿದ್ನಾ?"

"ಬದುಕಿದ ಕಣೇ," ಎಂದ ಅವನು, ಎರಡೂ ಕೆನ್ನೆಗೆ ಬಿಳಿ ಬಳಿಸಿಕೊಳ್ಳುತ್ತ. "ಸತ್ತಿದ್ದು ನಾನು."