ಸದ್ದಿಲ್ಲದ ಕಾರು

ಅಂದು ಬೆಳಗ್ಗೆ ಎಂದಿನಂತೆ ರಂಗೋಲಿ ಹಾಕಿ, ಹಾಲು ಕಾಯಿಸಿ, ಪೇಪರಿನ ಹಿಂದೆ ಅಡಗಿದ್ದ ನಮ್ಮವರ ಕೈಗೆ ಕಾಫಿ ಲೋಟ ಸಿಕ್ಕಿಸಿದೆ. ಎಲ್ಲವೂ ನಿಶ್ಶಬ್ದವಾಗಿ. ಬಾಗಿಲು ಹಾಕಿದರೂ ಸದ್ದಾಗಬಾರದೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಆದರೆ ನಮ್ಮ ಕಾರು ಕಾನ್ವೆಂಟಿನಲ್ಲಿ ಓದಿರಲಿಲ್ಲ! ಬ್ರೇಕ್ ತುಳಿದರೆ ಸಾಕು, 'ಕೀಂಯ್' ಎಂದು ಇಡೀ ಶೆಟ್ಟಿಹಳ್ಳಿಗೆ ಕೇಳುವಂತೆ ಕಿರುಚುತ್ತಿತ್ತು.

ಅಂದು ಗುಬ್ಬಿಯಲ್ಲಿ ನಾದಿನಿಯ ಸೀಮಂತ. ಹೋದ ಸಲ ಈ ಕೂಗಿಗೆ ಬೀಗರೆಲ್ಲ ಎಲೆ ಮುಂದಿನಿಂದ ಎದ್ದು ಹೊರಗೆ ಓಡಿ ಬಂದಿದ್ದರು. ಈ ಸಲ ಮರ್ಯಾದಸ್ಥರಂತೆ, ಸದ್ದಿಲ್ಲದೆ ಹೋಗಿ ಇಳಿಯಬೇಕೆಂದು ಪಣ ತೊಟ್ಟೆ.

ನಮ್ಮವರು ಸ್ನಾನಕ್ಕೆ ಹೋದರು. ನಾನು ಮೊಬೈಲಿನಲ್ಲಿ ಬ್ರೇಕ್ ವಿಡಿಯೊ ಹಾಕಿದೆ. ಚಕ್ರದ ಸಂದಿಯಲ್ಲಿ ಕಾಣುವ ತಟ್ಟೆಯೇ ಬ್ರೇಕ್ ಡಿಸ್ಕ್ ಎಂದು ತಿಳಿಯಿತು. ಅಷ್ಟು ಸಾಕು! ಹೊಲಿಗೆ ಮಿಷನ್ನು, ಬೀರು ಬಾಗಿಲು, ಗೇಟು... ಕಿರುಚಿದ ಯಾವುದನ್ನು ನಾನು ಸುಮ್ಮನಾಗಿಸಿಲ್ಲ? ಹಳೇ ಟೂತ್‌ಬ್ರಷ್ಷಿನಿಂದ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಪೂಜೆ ತಟ್ಟೆಯಂತೆ ಹೊಳೆಯಿತು. ಆಮೇಲೆ ಮಿಷನ್ನಿನ ಎಣ್ಣೆ ಡಬ್ಬಿಗೆ ಅಮ್ಮ ಹುಲಿಯೂರುದುರ್ಗದಿಂದ ಕಳಿಸಿದ ಕೊಬ್ಬರಿ ಎಣ್ಣೆ ತುಂಬಿ, ಮುಂದಿನ ಎರಡೂ ಚಕ್ರಗಳಿಗೆ ಧಾರಾಳವಾಗಿ ಅಭಿಷೇಕ ಮಾಡಿದೆ.

ರೇಷ್ಮೆ ಸೀರೆಯುಟ್ಟು ಕಾರು ಹತ್ತಿದೆ. ನಮ್ಮವರು ಓಡಿಸುತ್ತಿದ್ದ ಕಾರು ಗೇಟು ದಾಟಿ ಇಳಿಜಾರಿಗೆ ಬಂತು.

"ಏನೇ ಇದು, ಬ್ರೇಕೇ ಹಿಡೀತಿಲ್ಲ!"

"ಸದ್ದು ಕೇಳಿಸ್ತಿದ್ಯಾ?"

"ಇಲ್ಲ ಕಣೇ!"

"ನೋಡಿದ್ರಾ ಮತ್ತೆ!"

ಕಾರು ಮೆರವಣಿಗೆಯ ಗತ್ತಿನಲ್ಲಿ ಪಕ್ಕದ ಮನೆ ಪುಟ್ಟಮ್ಮನವರ ಗೇಟು ದಾಟಿ, ಮುಂದೆ ಕಟ್ಟುತ್ತಿದ್ದ ಮನೆಯ ಮರಳುಗುಡ್ಡೆಗೆ ಮೂತಿ ಹುದುಗಿಸಿ ನಿಂತಿತು. ಆಗಲೂ ಸದ್ದಿಲ್ಲ!

ನಮ್ಮವರು ಇಳಿದು ಚಕ್ರ ಮೂಸಿದರು. "ಇದಕ್ಯಾಕೆ ಎಣ್ಣೆ ಸ್ನಾನ ಮಾಡ್ಸಿದೀಯ?"

"ಗಾಣದ್ದು ರೀ. ಕಲಬೆರಕೆ ಇಲ್ಲ."

ಗುಬ್ಬಿಗೆ ಬಸ್ಸಿನಲ್ಲಿ, ನಿಂತುಕೊಂಡೇ ಹೋದೆವು. ಸೀರೆ ತುಂಬ ಮರಳು, ಉಗುರು ತುಂಬ ಮಸಿ. ನಾದಿನಿ ಎದುರು ಬಂದಳು. "ಅತ್ತಿಗೆ, ಇವತ್ತು ಕಾರು ಕೂಗ್ಲೇ ಇಲ್ಲ! ರಿಪೇರಿ ಮಾಡಿಸಿದ್ರಾ?"

"ಮಾಡ್ಸೋದೇನ್ ಬಂತು? ನಿಮ್ಮತ್ತಿಗೆನೇ ಮಾಡಿದ್ಲು," ಎಂದರು ನಮ್ಮವರು. ಬೀಗರೆಲ್ಲ ನನ್ನನ್ನು ಗೌರವದಿಂದ ನೋಡಿದರು. ನಾನು ಉಗುರುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಸಂಜೆ ಬಂದಾಗ ಕಾರು ಇನ್ನೂ ಮರಳಿನಲ್ಲೇ ಧ್ಯಾನಸ್ಥವಾಗಿತ್ತು. ಮೆಕ್ಯಾನಿಕ್ ನಾಳೆ ಬರುತ್ತೇನೆಂದಿದ್ದ. ಕಾಂಪೌಂಡಿನ ಆಚೆ ಸೊಪ್ಪು ಬಿಡಿಸುತ್ತಿದ್ದ ಪುಟ್ಟಮ್ಮನವರು ತಲೆ ಎತ್ತದೆಯೇ ಅಂದರು.

"ರಿಪೇರಿ ಮಾಡ್ಸು, ಬ್ಯಾಡ ಅನ್ನಲ್ಲ. ಆ ಕೂಗು ಮಾತ್ರ ತೆಗೆಸ್ಬ್ಯಾಡ ಕಣವ್ವ. ದಿನಾ ಸಂಜೆ ನಿಮ್ಮನೆಯವ್ರು ಬರೋವಾಗ ಅದು ಕೇಳುಸ್ದಾಗ್ಲೇ ನಾನು ಮುದ್ದೆಗೆ ಎಸರಿಡೋದು. ನೋಡು, ಇವತ್ತು ಇನ್ನೂ ಒಲೆನೇ ಹಚ್ಚಿಲ್ಲ!"